ವೈರಿಂಗ್ ಕೂಲಿ ಕೊಟೇಶನ್: ಚದರದ ಲೆಕ್ಕ ವಾಸಿಯೋ, ಪಾಯಿಂಟ್ ಲೆಕ್ಕವೋ?

ಬೆಂಗಳೂರಿನ ಕಡೆ ಹೊಸ ಮನೆಯ ವೈರಿಂಗಿಗೆ ಕೂಲಿ ಹೇಳುವುದು ಎರಡು ಥರ: ಚದರಕ್ಕೆ (100 ಚದರಡಿಗೆ) ಇಷ್ಟು, ಇಲ್ಲವೇ ಪಾಯಿಂಟಿಗೆ (ಲೈಟು, ಫ್ಯಾನು, ಸಾಕೆಟ್ ಹೀಗೆ ಒಂದೊಂದಕ್ಕೆ) ಇಷ್ಟು. ಲೇಬರ್ ಮಾತ್ರ ಅಂದಮೇಲೆ ಪೈಪು, ವೈರು, ಸ್ವಿಚ್ಚು ಮಾಲೀಕರದ್ದು.

ಒಂದೇ ನಕ್ಷೆಯ ಬಾಡಿಗೆ ಮನೆಗಳನ್ನು ಮಹಡಿ ಮೇಲೆ ಮಹಡಿ ಕಟ್ಟುವವರಿಗೆ ಚದರದ ಲೆಕ್ಕ ಸಾಕು. ಸಿಟ್‌ಔಟ್, ಮೆಟ್ಟಿಲು, ಪಾರ್ಕಿಂಗ್ ಅಳತೆಗೆ ಸೇರುತ್ತವೆಯೇ ಅಂತ ಮಾತ್ರ ಮೊದಲೇ ಕೇಳಿ. ಸ್ವಂತ ಮನೆಗೆ ಈ ಲೆಕ್ಕ ಒಗ್ಗುವುದಿಲ್ಲ. ಫಾಲ್ಸ್ ಸೀಲಿಂಗ್ ಶುರುವಾಗಿ ಲೈಟು ಹೆಚ್ಚಾದ ಕೂಡಲೇ ಎಲೆಕ್ಟ್ರಿಷಿಯನ್ನರು "ಇದು ಚದರದಲ್ಲಿ ಬರಲ್ಲ ಸಾರ್" ಅಂತಾರೆ, ಅವರ ಮಾತೂ ನ್ಯಾಯವೇ.

ಪಾಯಿಂಟ್ ಲೆಕ್ಕದಲ್ಲಿ ಜಗಳವೆಲ್ಲ ಎಣಿಕೆಯದ್ದು. ಒಂದು ಬೆಡ್‌ರೂಮ್ ತೆಗೆದುಕೊಳ್ಳಿ: ಎರಡು ಟ್ಯೂಬು, ಒಂದು ಫ್ಯಾನು, ಒಂದು ನೈಟ್ ಲ್ಯಾಂಪ್, ಬೋರ್ಡಿನಲ್ಲೇ ಎರಡು ಸಾಕೆಟ್, ಮಂಚದ ಪಕ್ಕ ಬೇರೆ ಒಂದು ಸಾಕೆಟ್, ಒಂದು ಟ್ಯೂಬಿಗೆ ಟೂ-ವೇ (ಎರಡು ಕಡೆಯಿಂದ ಹಾಕಿ ಆರಿಸುವ ಸ್ವಿಚ್ಚು), ಒಂದು ಎಸಿ. ಬೋರ್ಡಿನ ಸಾಕೆಟ್ಟು, ಟೂ-ವೇ ಬಿಟ್ಟು ಎಣಿಸಿದರೆ 6 ಪಾಯಿಂಟ್. ಅವನ್ನೂ ಸೇರಿಸಿ ಎಸಿಗೆ ಎರಡು ಹಿಡಿದರೆ 10. ರೇಟು ಕಾಲುಭಾಗ ಕಡಿಮೆ ಹೇಳಿ ಹೀಗೆ 10 ಎಣಿಸುವವರೇ ಕೊನೆಗೆ ದುಬಾರಿ. ಎಸಿಗೆ ಹೆಚ್ಚು ಕೇಳುವುದು ತಪ್ಪಲ್ಲ; ಡಿಬಿಯಿಂದ (ಮನೆಯ ಎಲ್ಲ ಲೈನುಗಳೂ ಹೊರಡುವ ಪೆಟ್ಟಿಗೆ) ನೇರವಾಗಿ ದಪ್ಪ ವೈರು, ಸಾಮಾನ್ಯವಾಗಿ 4 ಸ್ಕ್ವೇರ್ ಎಂಎಂನದು, ಎಳೆಯಬೇಕು. ಡಿಬಿ ಜೋಡಣೆ, ಮೀಟರಿನಿಂದ ಬರುವ ಮೇನ್ ಲೈನ್, ಅರ್ಥಿಂಗ್ ಗುಂಡಿ ಸಾಮಾನ್ಯವಾಗಿ ಪಾಯಿಂಟಿನಲ್ಲಿ ಸೇರಿರುವುದಿಲ್ಲ. ಅವಕ್ಕೆ ಬೇರೆ ಬೇರೆ ಮೊತ್ತ ಬರೆದುಕೊಟ್ಟವರನ್ನು ನಂಬಬಹುದು.

ಬಹುತೇಕ ಕೊಟೇಶನ್‌ಗಳಲ್ಲಿ ಎರಡು ಸಾಲು ಇರುವುದೇ ಇಲ್ಲ. ಗೋಡೆ ಕೊರೆದ ಜಾಗಕ್ಕೆ ಮೆಶ್ ಹೊಡೆದು ಸಿಮೆಂಟ್ ತುಂಬುವವರು ಯಾರು? ಗಾರೆಯವರು ಎಲೆಕ್ಟ್ರಿಷಿಯನ್ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ಅರೆಬರೆ ತುಂಬಿದ ಸಾಲಿನಲ್ಲೇ ಆಮೇಲೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಇನ್ನೊಂದು, ಮೋಲ್ಡ್ (ಛಾವಣಿಯ ಕಾಂಕ್ರೀಟ್) ಹಾಕುವಾಗ ಪೈಪಿನ ಜಾಯಿಂಟ್ ಬಿಟ್ಟುಕೊಂಡು ಒಳಗೆ ಸಿಮೆಂಟ್ ಹಾಲು ಇಳಿದರೆ ವೈರು ಎಳೆಯುವ ದಿನ ಅದನ್ನು ಎಳೆಯುವ ಸ್ಪ್ರಿಂಗ್ ಪೈಪಿನೊಳಗೆ ಹೋಗುವುದಿಲ್ಲ. ಮತ್ತೆ ಕೊರೆಯುವ ಕೂಲಿ ಯಾರ ತಲೆಗೆ? ಕಾಂಕ್ರೀಟ್ ದಿನ ತಮ್ಮ ಹುಡುಗನೊಬ್ಬ ಸ್ಥಳದಲ್ಲಿರುತ್ತಾನೆ ಅಂತ ಬರೆದುಕೊಡುವವರಿಗೆ ಪಾಯಿಂಟಿಗೆ ನಾಲ್ಕು ಕಾಸು ಹೆಚ್ಚಾದರೂ ಕೊಡಿ.

ಹಣವನ್ನು ಮೋಲ್ಡ್ ಪೈಪಿಂಗ್, ಗೋಡೆ ಪೈಪಿಂಗ್, ವೈರು ಎಳೆತ, ಫಿಟ್ಟಿಂಗ್ ಹೀಗೆ ಹಂತಕ್ಕೆ ತಕ್ಕಂತೆ ಬಿಡಿ. ಫಿಟ್ಟಿಂಗ್ ನಡೆಯುವುದು ಪೇಂಟ್ ಆದಮೇಲೆ, ಅಷ್ಟರೊಳಗೆ ಪೂರ್ತಿ ಹಣ ಸಂದಿದ್ದರೆ ಫೋನ್ ಎತ್ತುವವರು ಕಡಿಮೆ. ಹತ್ತನೇ ಒಂದು ಭಾಗವನ್ನಾದರೂ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಟೆಸ್ಟ್ ಬಟನ್ ಒತ್ತಿ, ಪ್ರತಿ ಸಾಕೆಟ್ಟಿನ ಅರ್ಥಿಂಗ್ ನೋಡುವವರೆಗೆ ಹಿಡಿದಿಡಿ. ಬೆಸ್ಕಾಂ ಕನೆಕ್ಷನ್ನಿಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಬೇಕು. ನಿಮ್ಮ ಎಲೆಕ್ಟ್ರಿಷಿಯನ್‌ಗೆ ಲೈಸೆನ್ಸ್ ಇಲ್ಲವಾದರೆ ಆ ಖರ್ಚು ಯಾರದ್ದು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಸಿ.