ಮೇಣವೋ ಒಟಿಎಸ್ಸೋ: ರುಬಿಡಿಯಮ್ ಸೆಲ್‌ನ ಒಳಲೇಪನ

ರುಬಿಡಿಯಮ್ ಪರಮಾಣುಗಳ ಸ್ಪಿನ್ನನ್ನು, ಅಂದರೆ ಅವುಗಳ ಪುಟ್ಟ ಅಯಸ್ಕಾಂತದಂಥ ಗುಣವನ್ನು, ಲೇಸರ್‌ನಿಂದ ಒಂದೇ ದಿಕ್ಕಿಗೆ ತಿರುಗಿಸಬಹುದು, ಉಳಿಸಿಕೊಳ್ಳುವುದೇ ಕಷ್ಟ. ಎರಡೂವರೆ ಸೆಂಟಿಮೀಟರ್ ಅಗಲದ ಗಾಜಿನ ಗೋಳದೊಳಗೆ (ಇದೇ ಸೆಲ್) ಒಂದೊಂದು ಪರಮಾಣುವೂ ಸೆಕೆಂಡಿಗೆ ಸುಮಾರು 16,000 ಸಲ ಗೋಡೆಗೆ ಬಡಿಯುತ್ತದೆ. ಬರಿಗಾಜಾದರೆ ಮೊದಲ ಬಡಿತಕ್ಕೇ ದಿಕ್ಕು ಕೆಟ್ಟಂತೆ. ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಕೆಲಸಕ್ಕೆಂದು ನಾನು ಎರಡು ಲೇಪನಗಳನ್ನು ಹಾಕಿ ನೋಡಿದೆ.

ಮೊದಲನೆಯದು ಪ್ಯಾರಫಿನ್, ಅಂದರೆ ಮೇಣ. 1958ರಲ್ಲೇ ರಾಬಿನ್ಸನ್, ಎನ್ಸ್‌ಬರ್ಗ್, ಡೆಮೆಲ್ಟ್ ತೋರಿಸಿಕೊಟ್ಟ ದಾರಿ. ಗಾಳಿ ತೆಗೆದ ಸೆಲ್‌ನೊಳಗೆ ಮೇಣದ ಚೂರು ಕಾಯಿಸಿದರೆ ಅದರ ಆವಿ ಗೋಡೆಯ ಮೇಲೆ ಕೂರುತ್ತದೆ. ಆಮೇಲೆ ತಾಳ್ಮೆ ಬೇಕು. ಹೊಸ ಮೇಣ ರುಬಿಡಿಯಮ್ಮನ್ನು ಹೀರಿಕೊಳ್ಳುವುದರಿಂದ ಮೊದಮೊದಲು ಸಿಗ್ನಲ್ಲೇ ಬರಲಿಲ್ಲ. ರುಬಿಡಿಯಮ್ ಲೋಹ ಕೂತ ಬಾಲವನ್ನು, ಅಂದರೆ ಸೆಲ್ಲಿಗೆ ಅಂಟಿದ ಸಣ್ಣ ಗಾಜಿನ ಕೊಳವೆಯನ್ನು, ತಣ್ಣಗಿಟ್ಟು, ಸೆಲ್ಲನ್ನು ಹದವಾದ ಬಿಸಿಯಲ್ಲಿ ದಿನಗಟ್ಟಲೆ ಮಾಗಿಸಿದೆ. ಕೊನೆಗೊಂದು ಸಂಜೆ ಸ್ಪಿನ್ ತಿರುಗಿಸುವ ಪಂಪ್ ಲೇಸರ್‌ನ ಶಟರ್ ಮುಚ್ಚಿದಾಗ, ಆಸಿಲೋಸ್ಕೋಪ್ ಪರದೆಯ ಗೆರೆ ಥಟ್ಟನೆ ಬೀಳದೆ ಮೆಲ್ಲಗೆ ಇಳಿಯಿತು. ಆ ಇಳಿಜಾರು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ! ಒಳ್ಳೆಯ ಮೇಣದ ಪದರ ಸುಮಾರು 10,000 ಬಡಿತ ತಾಳುತ್ತದೆ. ಬಾಲದ ಬಾಯಿ ಮಾತ್ರ ಸೂಜಿಯಷ್ಟು ಸಣ್ಣದಿರಬೇಕು, ಇಲ್ಲವಾದರೆ ಪರಮಾಣುಗಳು ಅಲ್ಲಿಗೆ ಹೋಗಿ ದಿಕ್ಕು ಕಳೆದುಕೊಂಡು ಬರುತ್ತವೆ.

ರುಬಿಡಿಯಮ್ ಆವಿ ಹೆಚ್ಚಲಿ ಎಂದು ಅದೇ ಸೆಲ್ಲನ್ನು 90 ಡಿಗ್ರಿಗೆ ಕಾಯಿಸಿದ್ದು ನನ್ನ ತಪ್ಪು. ಮೇಣ ಕರಗಿ ಹನಿಹನಿಯಾಗಿ ತಳಕ್ಕಿಳಿಯಿತು, ವಾರಗಳ ಕೆಲಸ ಹೋಯಿತು. ತುಂಬ ಸಂಕಟವಾಯಿತು.

ಹಾಗಾಗಿ ಒಟಿಎಸ್, ಅಂದರೆ ಆಕ್ಟಾಡೆಸಿಲ್‌ಟ್ರೈಕ್ಲೋರೋಸಿಲೇನ್. ಹದಿನೆಂಟು ಕಾರ್ಬನ್‌ಗಳ ಇದರ ಸರಪಳಿ ಗಾಜಿಗೆ ರಾಸಾಯನಿಕವಾಗಿಯೇ ಕಚ್ಚಿಕೊಳ್ಳುವುದರಿಂದ 170 ಡಿಗ್ರಿವರೆಗೂ ನಿಲ್ಲುತ್ತದೆ. ಆದರೆ ಹಾಕುವಾಗ ತೇವ ಕಂಡರೆ ಆಗದು. ಮಳೆಗಾಲದಲ್ಲಿ ಮಾಡಿದ ದ್ರಾವಣ ಕಣ್ಣೆದುರೇ ಹಾಲಿನಂತೆ ಬಿಳಿಯಾಯಿತು, ಗಾಜಿನ ಮೇಲೆ ಮಬ್ಬು ಕೂತಿತು. ಸರಿಯಾಗಿ ಬಂದವೂ ಒಂದರಂತೆ ಇನ್ನೊಂದಿಲ್ಲ. ಇದರ ಅತ್ಯುತ್ತಮ ಫಲಿತಾಂಶಗಳೇ 2,000 ಬಡಿತದ ಆಸುಪಾಸಿನವು, ನನ್ನವು ಅದಕ್ಕಿಂತ ಬಹಳ ಕೆಳಗೆ.

ಲೇಪನದ ಬದಲು ನಿಯಾನ್ ತುಂಬಿದರೂ ಪರಮಾಣು ಗೋಡೆ ತಲುಪುವುದು ತಡವಾಗುತ್ತದೆ, ನಿಜ. ಆದರೆ ಅದು ಇದ್ದಲ್ಲೇ ಸುತ್ತುತ್ತದೆ. ಲೇಪನದ ಸೆಲ್‌ನಲ್ಲಾದರೆ ಇಡೀ ಗೋಳವನ್ನು ಸುತ್ತಿ ಕಾಂತಕ್ಷೇತ್ರದ ಏರುಪೇರನ್ನು ಸರಾಸರಿ ಮಾಡಿಕೊಡುತ್ತದೆ. ನನಗೆ ಬೇಕಿದ್ದದ್ದು ಅದೇ.

ಬಿಸಿ ಅನಿವಾರ್ಯವಾದ ಪೊಟ್ಯಾಸಿಯಮ್ ಕೆಲಸಕ್ಕೆ ಒಟಿಎಸ್ಸನ್ನೇ ಹಿಡಿಯುತ್ತೇನೆ. ಕೋಣೆಯ ಬಿಸಿಯಲ್ಲಿ ನಡೆಯುವ ರುಬಿಡಿಯಮ್‌ಗೆ ಮೇಣವೇ, ಎರಡು ಮಾತಿಲ್ಲ. ಆವಿ ಸಾಲದಿದ್ದರೆ ಈಗ ಸೆಲ್ಲನ್ನು ಕಾಯಿಸುವುದಿಲ್ಲ, ನೀಲಿ ಎಲ್‌ಇಡಿ ಬೆಳಕು ಬಿಡುತ್ತೇನೆ. ಮೇಣ ಹೀರಿಟ್ಟುಕೊಂಡ ಪರಮಾಣುಗಳು ತಾವಾಗಿ ಹೊರಬರುತ್ತವೆ.