ಸುಟ್ಟ ಬೋರ್ಡಿನ ಹಾರ್ಡ್ ಡಿಸ್ಕ್: ಎಸ್.ಪಿ. ರಸ್ತೆಯ ಒಂದು ಅಂಗಡಿಯ ಸೇವೆ

12 ವೋಲ್ಟ್ ಬೇಕಾದ 3.5 ಇಂಚಿನ ಹಾರ್ಡ್ ಡಿಸ್ಕ್‌ಗೆ ನಾನು ಅವಸರದಲ್ಲಿ 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಸಿಕ್ಕಿಸಿದಾಗ, ಸುಟ್ಟ ವಾಸನೆಯೊಂದಿಗೆ ಅದು ಸ್ತಬ್ಧವಾಯಿತು. ತೀರಿಹೋದ ಅಜ್ಜಿ ಹಾಡಿದ್ದ ಸೋಬಾನೆ ಪದಗಳ ಧ್ವನಿಮುದ್ರಣ ಇದ್ದದ್ದು ಅದೊಂದರಲ್ಲೇ.

ಮೊದಲು ಹೋದ ಅಂಗಡಿಯಲ್ಲಿ ಡಿಸ್ಕ್‌ಗೆ ಅದೇ ಮಾದರಿಯ ಬೇರೆ ಸರ್ಕ್ಯೂಟ್ ಬೋರ್ಡ್ ಕೂರಿಸಿದರು. ಡಿಸ್ಕ್ ತಿರುಗಿತೇ ಹೊರತು ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ನಂತರ ಹೋದ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯ ತಂತ್ರಜ್ಞರು ಇದರ ಕಾರಣವನ್ನು ತಾಳ್ಮೆಯಿಂದ ವಿವರಿಸಿದರು. ಬೋರ್ಡಿನ ಮೇಲಿನ ಎಂಟು ಕಾಲುಗಳ ರೋಮ್ ಚಿಪ್‌ನಲ್ಲಿ (ವಿದ್ಯುತ್ ಇಲ್ಲದಿದ್ದರೂ ಮಾಹಿತಿ ಉಳಿಸಿಕೊಳ್ಳುವ ಚಿಪ್) ಆಯಾ ಡಿಸ್ಕ್‌ನ ಹೆಡ್‌ಗಳಿಗೆ, ಅಂದರೆ ದತ್ತಾಂಶ ಓದುವ-ಬರೆಯುವ ಭಾಗಗಳಿಗೆ, ಕಾರ್ಖಾನೆಯಲ್ಲೇ ಹೊಂದಿಸಿದ ಮಾಹಿತಿ ಇರುವುದರಿಂದ, ಹಳೆಯ ಚಿಪ್ಪನ್ನು ಬಿಸಿಗಾಳಿಯಿಂದ ಬಿಡಿಸಿ ಹೊಸ ಬೋರ್ಡಿಗೆ ಬೆಸೆಯದೆ ದತ್ತಾಂಶ ಸಿಗುವುದು ಕಷ್ಟ. ಭೂತಗನ್ನಡಿಯಡಿ ಅವರು ತೋರಿಸಿದ ಟಿವಿಎಸ್ ಡಯೋಡ್ ಎಂಬ ರಕ್ಷಕ ಬಿಡಿಭಾಗದ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಗುಳಿ ಬಿದ್ದಿತ್ತು. ಹೆಚ್ಚಿನ ವೋಲ್ಟೇಜ್ ಬಂದಾಗ ತಾನು ಶಾರ್ಟ್ ಆಗಿ, ಬೋರ್ಡಿನ ಉಳಿದ ಭಾಗಗಳನ್ನು ಕಾಯುವುದೇ ಅದರ ಕೆಲಸ. ಕೆಲವೊಮ್ಮೆ ಅದೊಂದನ್ನು ತೆಗೆದರೂ ಡಿಸ್ಕ್ ಓಡುತ್ತದೆಯಂತೆ, ನನ್ನದರಲ್ಲಿ ಮೋಟರ್ ಚಿಪ್ಪೂ ಸುಟ್ಟಿತ್ತು.

ಹಳೆಯ ರೋಮ್ ಚಿಪ್ಪನ್ನು ಹೊಸ ಬೋರ್ಡಿಗೆ ಬೆಸೆದು ಡಿಸ್ಕ್ ಎದ್ದ ಕೂಡಲೇ ಕಡತಗಳನ್ನು ತೆರೆದು ನೋಡದೆ, ಮೊದಲು ಪೂರ್ತಿ ಪ್ರತಿಯನ್ನು ಬೇರೆ ಡಿಸ್ಕ್‌ಗೆ ಇಳಿಸಿಕೊಂಡ ಅವರ ಎಚ್ಚರಿಕೆ ನನಗೆ ಬಹಳ ಮೆಚ್ಚುಗೆಯಾಯಿತು. ಎರಡು ದಿನವೆಂದದ್ದು ನಾಲ್ಕು ದಿನವಾಯಿತು, ಖಾಸಗಿ ಕಡತಗಳ ಗೋಪ್ಯತೆಯ ಬಗ್ಗೆ ಲಿಖಿತ ಭರವಸೆಯನ್ನೂ ಕೊಡಲಿಲ್ಲ. ಇದನ್ನು ಅವರು ಖಂಡಿತ ಸರಿಪಡಿಸಿಕೊಳ್ಳಬೇಕು. ಧ್ವನಿಮುದ್ರಣಗಳು ಮಾತ್ರ ಒಂದೂ ತಪ್ಪದೆ ಸಿಕ್ಕಿವೆ.