ರೂಟರ್ ದೀಪಕ್ಕೆ ಯಾವ ಟ್ರಿಗರ್? ಒಂದು ಹೋಲಿಕೆ

ತೀರ್ಥಹಳ್ಳಿ ಸೀಮೆಯಲ್ಲಿ ಮಳೆಗಾಲ ಹಿಡಿದ ಮೇಲೆ ಇಂಟರ್ನೆಟ್ ನಿಂತಾಗ, ತೊಂದರೆ ಮನೆಯೊಳಗಿನದೋ ಅಥವಾ ಎಲ್ಲೋ ಮರ ಬಿದ್ದು ಫೈಬರ್ ಹರಿದಿದೆಯೋ ಎಂಬುದು ಮೊದಲು ಗೊತ್ತಾಗಬೇಕು. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳಿಗೆಂದೇ ಇರುವ ಮುಕ್ತ ತಂತ್ರಾಂಶ) ಹಾಕಿದ ರೂಟರ್‌ನಲ್ಲಿ ದೀಪ ಯಾವಾಗ ಉರಿಯಬೇಕೆಂದು ನಾವೇ ಗೊತ್ತುಮಾಡಬಹುದಾದ್ದರಿಂದ, ಕೆಲವು ಟ್ರಿಗರ್‌ಗಳನ್ನು, ಅಂದರೆ ದೀಪ ಉರಿಸುವ ನಿಯಮಗಳನ್ನು, ಒಂದೇ ದೀಪದ ಮೇಲೆ ಹಾಕಿ ನೋಡಿದೆ.

ಹಾರ್ಟ್‌ಬೀಟ್ ಟ್ರಿಗರ್ ಕರ್ನಲ್ (ರೂಟರ್ ತಂತ್ರಾಂಶದ ತಿರುಳು) ಓಡುತ್ತಿದೆ ಎಂದಷ್ಟೇ ಹೇಳುತ್ತದೆ. ಈ ಕೆಲಸಕ್ಕೆ ಅದು ಬೇಡ. ಜಾಲದ ಸಂಪರ್ಕವೊಂದನ್ನು ನೋಡಿ ದೀಪ ಉರಿಸುವ ನೆಟ್‌ಡೆವ್ ಟ್ರಿಗರ್ ಆರಿಸಿ, ಡಿವೈಸ್ ಎಂದು ಹೊರಗಿನ ಇಂಟರ್ನೆಟ್ ಬರುವ ವ್ಯಾನ್ ಪೋರ್ಟನ್ನೂ ಮೋಡ್ ಎಂದು ಲಿಂಕನ್ನೂ ಕೊಡುವುದು ಹೆಚ್ಚಿನವರ ರೂಢಿ. ಆದರೆ ಆ ದೀಪ ರೂಟರ್‌ನಿಂದ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯವರೆಗಿನ ಗೇಣುದ್ದದ ಕೇಬಲ್‌ನ ಸಾಕ್ಷಿ ಮಾತ್ರ. ಎರಡೂ ಇನ್ವರ್ಟರ್ ಮೇಲಿದ್ದರೆ, ಹೊರಗೆ ಫೈಬರ್ ತುಂಡಾಗಿದ್ದರೂ ಅದು ಹಸಿರಾಗಿಯೇ ಉರಿಯುತ್ತದೆ.

ಅದೇ ನೆಟ್‌ಡೆವ್‌ಗೆ ಪಿಪಿಪಿಒಇ-ವ್ಯಾನ್ ಎಂಬ ಡಿವೈಸ್ ಕೊಟ್ಟರೆ ಚಿತ್ರ ಬದಲಾಗುತ್ತದೆ. ಪಿಪಿಪಿಒಇ ಎಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ವಿಧಾನ; ಆ ಲಾಗಿನ್‌ನ ಸೆಷನ್ ಇದ್ದರೆ ಮಾತ್ರ ಆ ಡಿವೈಸ್ ಇರುತ್ತದೆ. ಲೈನ್ ಕಡಿದಾಗ ಅತ್ತಲಿಂದ ಎಲ್‌ಸಿಪಿ ಎಕೋಗೆ (ರೂಟರ್ ಆಗಾಗ ಕಳಿಸುವ ‘ಇದ್ದೀಯಾ’ ಎಂಬ ಪ್ರಶ್ನೆಗೆ) ಉತ್ತರ ಬಾರದೆ ಸೆಷನ್ ಮುರಿದು, ಸ್ವಲ್ಪ ತಡವಾಗಿಯಾದರೂ ದೀಪ ಆರುತ್ತದೆ. ದತ್ತಾಂಶ ಹೋಗಿಬಂದಾಗ ದೀಪ ಮಿಣುಕಿಸುವ ಟಿಎಕ್ಸ್, ಆರ್‌ಎಕ್ಸ್ ಮೋಡ್ ಎರಡನ್ನೂ ಬಿಟ್ಟೆ, ಏಕೆಂದರೆ ಮಿಣುಕುವ ದೀಪ ಕಂಡರೆ ಮನೆಯ ಹಿರಿಯರು ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಲಾಗಿನ್ ಇಲ್ಲದೆ ವಿಳಾಸ ತಾನಾಗಿ ಸಿಗುವ ಡಿಎಚ್‌ಸಿಪಿ ಸಂಪರ್ಕದವರಿಗೆ ಈ ಉಪಾಯವಿಲ್ಲ.

ಕ್ರಾನ್ ಎಂಬ ವೇಳಾಪಟ್ಟಿಯಿಂದ ನಿಮಿಷಕ್ಕೊಮ್ಮೆ ಓಡಿ, ಹೊರಗಿನ ವಿಳಾಸವೊಂದನ್ನು ಪಿಂಗ್ ಮಾಡಿ (ಅದು ಉತ್ತರಿಸುತ್ತದೆಯೇ ಎಂದು ನೋಡಿ), ದೀಪದ ಬ್ರೈಟ್‌ನೆಸ್ ಕಡತಕ್ಕೆ ಒಂದೋ ಸೊನ್ನೆಯೋ ಬರೆಯುವ ಸ್ಕ್ರಿಪ್ಟ್ ಇನ್ನೊಂದು ದಾರಿ. ಇಂಟರ್ನೆಟ್ ನಿಜವಾಗಿ ಇದೆಯೇ ಎಂಬುದಕ್ಕೆ ಇದರ ಉತ್ತರವೇ ಹೆಚ್ಚು ನಂಬಿಕೆಯದು. ಆದರೆ ಆ ದೀಪದ ಟ್ರಿಗರ್ ‘ನನ್’ (none, ಯಾವುದೂ ಇಲ್ಲ) ಆಗಿರಬೇಕು. ಒಂದೇ ಪಿಂಗ್ ಕಳೆದುಹೋದರೆ ದೀಪ ಆರದಂತೆ, ಪ್ರತಿ ಸಲ ಮೂರು ಪಿಂಗ್ ಕಳಿಸಿ, ಮೂರೂ ವಿಫಲವಾದಾಗ ಮಾತ್ರ ಸೊನ್ನೆ ಬರೆಯಿಸಬೇಕು. ಸ್ಕ್ರಿಪ್ಟ್ ರೂಟ್ ಫೋಲ್ಡರ್‌ನಲ್ಲಿದ್ದರೆ ಅದನ್ನು ಸಿಸ್‌ಅಪ್‌ಗ್ರೇಡ್ (ತಂತ್ರಾಂಶ ನವೀಕರಿಸುವ ಆಜ್ಞೆ) ಉಳಿಸುವ ಕಡತಗಳ ಪಟ್ಟಿಗೆ ಸೇರಿಸದ ಹೊರತು ಫರ್ಮ್‌ವೇರ್ ಬದಲಿಸಿದಾಗ ಮಾಯವಾಗುತ್ತದೆ. ನೆಟ್‌ಡೆವ್ ಸೆಟ್ಟಿಂಗ್ ಸಿಸ್ಟಮ್ ಕಾನ್ಫಿಗ್‌ನಲ್ಲಿಯೇ ಇರುವುದರಿಂದ ಅದಕ್ಕೆ ಈ ತಲೆನೋವಿಲ್ಲ.

ಕೊನೆಗೆ ಎರಡನ್ನೂ ಇಟ್ಟುಕೊಂಡೆ: ವ್ಯಾನ್ ದೀಪಕ್ಕೆ ಪಿಪಿಪಿಒಇ, ಕೆಲಸವಿಲ್ಲದ ಯುಎಸ್‌ಬಿ ದೀಪಕ್ಕೆ ಪಿಂಗ್. ಎರಡೂ ಆರಿದ್ದರೆ ಲೈನ್‌ಮನ್‌ಗೆ ಫೋನ್ ಮಾಡುತ್ತೇನೆ. ಮೊದಲನೆಯದು ಉರಿದು ಎರಡನೆಯದು ಮಾತ್ರ ಆರಿದ್ದರೆ ತೊಂದರೆ ನಮ್ಮ ಊರಿನ ಲೈನಿನದಲ್ಲ, ಕಾಯುವುದಷ್ಟೇ ಕೆಲಸ.